ಜೊತೆಗೊಬ್ಬರು ಬೇಕೆನ್ನುವ ಮುಪ್ಪು

ಕೊಪ್ಪಳ ತಾಲ್ಲೂಕಿನ ಅಳವಂಡಿ ಹೋಬಳಿಯ ಎರೆಸೀಮೆಯಲ್ಲಿ ಎಪ್ಪತ್ತೈದು ದಾಟಿದವರ ವಯಸ್ಸನ್ನು ಗೊತ್ತುಹಚ್ಚಲು ಕಾಗದಪತ್ರಗಳಿಗಿಂತ ನೆನಪಿನ ಗುರುತುಗಳೇ ಹೆಚ್ಚು ನೆರವಾಗುತ್ತವೆ. ರಜಾಕಾರರ ಹಾವಳಿಯ ಕಾಲಕ್ಕೆ ತೊಟ್ಟಿಲಲ್ಲಿದ್ದವರು, 1972ರ ಬರದ ವರ್ಷ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೂಲಿಗೆ ಹೋದವರು ಎಂಬಂಥ ಲೆಕ್ಕದಲ್ಲಿಯೇ ಆ ತಲೆಮಾರಿನ ಹುಟ್ಟಿನ ವರ್ಷವನ್ನು ಅಂದಾಜಿಸಬೇಕಾಗುತ್ತದೆ. ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಆ ದಿನಗಳಲ್ಲಿ ಇಲ್ಲಿನ ರೈತ, ಕೂಲಿ ಮನೆತನಗಳಲ್ಲಿ ಹುಟ್ಟಿದ ಮಕ್ಕಳ ಪೈಕಿ ಜನನ ನೋಂದಣಿಯಾದವರಾಗಲಿ, ಶಾಲೆಯ ಪಟ್ಟಿಯಲ್ಲಿ ಹೆಸರು ಸೇರಿದವರಾಗಲಿ ವಿರಳ. ಹೆಣ್ಣುಮಕ್ಕಳಲ್ಲಂತೂ ತೀರ ವಿರಳ. ಆದ್ದರಿಂದ ಆಧಾರ್ ಚೀಟಿ ಮಾಡಿಸುವಾಗ ಎದುರಿಗೆ ಕುಳಿತವರು ಮುಖ ನೋಡಿ ಬರೆದುಕೊಂಡ ವರ್ಷವೇ ಅನೇಕರ ಪಾಲಿಗೆ ಹುಟ್ಟಿದ ವರ್ಷವಾಗಿ ಉಳಿದಿದೆ, ಮತ್ತು ಆ ಅಂದಾಜು ಐದಾರು ವರ್ಷ ಹಿಂದೆಮುಂದೆಯಾದರೆ ಪಿಂಚಣಿಯೂ ಅಷ್ಟೇ ವರ್ಷ ಹಿಂದೆಮುಂದೆಯಾಗುತ್ತದೆ.

ಮುಪ್ಪಿನ ಆರೋಗ್ಯದ ಮಾತನ್ನು ಕಾಗದದಿಂದ ಆರಂಭಿಸಲು ಕಾರಣವಿದೆ. ಬಡ ಹಿರಿಯರ ಪಾಲಿಗೆ ಗುಳಿಗೆ, ಹಾಲು, ಬಸ್ಸಿನ ಖರ್ಚು ಎಲ್ಲವೂ ಹೊರಡುವುದು ಆ ಪಿಂಚಣಿಯಿಂದಲೇ. ಕೇಂದ್ರ ಸರ್ಕಾರ 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನವನ್ನು ಆರಂಭಿಸಿತು. ಎಂಬತ್ತರೊಳಗಿನವರಿಗೆ ಅದು ಕೊಡುವ ಪಾಲು ತಿಂಗಳಿಗೆ 200 ರೂಪಾಯಿಗೆ ಏರಿದ ಮೇಲೆ ವರ್ಷಗಟ್ಟಲೆ ಅಲ್ಲಿಯೇ ನಿಂತಿದೆ. ಕರ್ನಾಟಕವು 65 ತುಂಬಿದ ಬಡವರಿಗಾಗಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು, ಅದರ ಮೊತ್ತ 2021ರಲ್ಲಿ 1,200 ರೂಪಾಯಿಗೆ ಏರಿತು. ಹಣವು ಬ್ಯಾಂಕಿನ ಖಾತೆಗೆ ಬೀಳುತ್ತದೆ, ಅದನ್ನು ಕೈಗೆ ಪಡೆಯಲು ಬೆರಳಚ್ಚು ಕೊಡಬೇಕು. ಆದರೆ ಜೀವಮಾನವಿಡೀ ಕಳೆ ಕಿತ್ತ, ಕಲ್ಲು ಹೊತ್ತ, ಹತ್ತಿ ಬಿಡಿಸಿದ ಬೆರಳುಗಳ ರೇಖೆಗಳು ಸವೆದು ಹೋಗಿರುತ್ತವೆ, ಚರ್ಮ ಒಣಗಿ ಒಡೆದಿರುತ್ತದೆ, ಯಂತ್ರ ಅವುಗಳನ್ನು ಗುರುತಿಸುವುದಿಲ್ಲ. ದುಡಿಮೆಯೇ ದುಡಿದವರ ಗುರುತನ್ನು ಅಳಿಸುವ ಈ ವಿಪರ್ಯಾಸಕ್ಕೆ ಕಣ್ಣಿನ ಪಾಪೆಯ ಗುರುತು, ಮೊಬೈಲಿಗೆ ಬರುವ ಸಂಖ್ಯೆ ಮುಂತಾದ ಬದಲಿ ದಾರಿಗಳಿವೆಯಾದರೂ ಅವುಗಳನ್ನು ಬಳಸಲು ಓದು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು.

ಪಕ್ಕದಲ್ಲಿರಬೇಕಾದ ಆ ಒಬ್ಬರ ಪ್ರಶ್ನೆಯೇ ಈ ಇಡೀ ವಿಷಯದ ತಿರುಳು. ಆಸ್ಪತ್ರೆ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ತಹಶೀಲ್ದಾರರ ಕಚೇರಿ ಇವೆಲ್ಲವೂ ಹಿರಿಯರೊಡನೆ ಮಗನೋ ಸೊಸೆಯೋ ಮೊಮ್ಮಗನೋ ಬಂದೇ ಬರುತ್ತಾರೆಂದು ಒಳಗೊಳಗೇ ನಂಬಿಕೊಂಡು ಕೆಲಸ ಮಾಡುವ ವ್ಯವಸ್ಥೆಗಳು. ಅಳವಂಡಿಯಂಥ ಮಳೆಯಾಶ್ರಿತ ಊರುಗಳಲ್ಲಿ ಆ ನಂಬಿಕೆಯ ನೆಲೆಯೇ ಕುಸಿದಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯೊಳಗೆ ಎರಡು ಲೋಕಗಳಿವೆ: ತುಂಗಭದ್ರೆಯ ಕಾಲುವೆ ನೀರು ಹರಿಯುವ ಗಂಗಾವತಿಯ ಭತ್ತದ ಸೀಮೆ ಒಂದಾದರೆ, ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆಗಳನ್ನು ನಂಬಿದ ಅಳವಂಡಿ, ಯಲಬುರ್ಗಾ, ಕುಷ್ಟಗಿಗಳ ಒಣಭೂಮಿ ಇನ್ನೊಂದು. ಈ ಎರಡನೆಯ ಲೋಕದಲ್ಲಿ ಹಂಗಾಮಿನ ಕೆಲಸ ಮುಗಿದ ಮೇಲೆ ಅಥವಾ ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ದುಡಿಯಲು ಹೋಗುವುದನ್ನು ಜನ ಗುಳೆ ಎನ್ನುತ್ತಾರೆ. ಗುಳೆ ಹೋಗುವವರು ಕೈಕಾಲು ಗಟ್ಟಿಯಿರುವವರು. ಮನೆ ಕಾಯಲು ಉಳಿಯುವವರು ಮುತ್ಯಾ, ಆಯಿ ಮತ್ತು ಶಾಲೆ ಬಿಡಿಸಬಾರದೆಂದು ಬಿಟ್ಟುಹೋದ ಮೊಮ್ಮಕ್ಕಳು. ಹೀಗೆ ತಾವೇ ಆರೈಕೆ ಪಡೆಯಬೇಕಾದ ವಯಸ್ಸಿನಲ್ಲಿ ಹಿರಿಯರು ಮತ್ತೊಮ್ಮೆ ಮಕ್ಕಳನ್ನು ಸಾಕುವ ತಂದೆತಾಯಿಯರಾಗುತ್ತಾರೆ, ಎಮ್ಮೆಯ ಮೇವು, ಕುಡಿಯುವ ನೀರು, ಒಲೆಯ ಉರುವಲು ಎಲ್ಲದರ ಹೊಣೆಯೂ ಅವರ ಮೇಲೆಯೇ ಬೀಳುತ್ತದೆ.

ಆ ಹೊಣೆಯನ್ನು ಹೊರುವ ದೇಹದ ಸ್ಥಿತಿ ಹೇಗಿರುತ್ತದೆಂಬುದನ್ನು ತಿಳಿಯಲು ಅದರ ಬಾಲ್ಯದವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ. ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಮಹತ್ವದ ಅಧ್ಯಯನ ಇದಕ್ಕೆ ದಾರಿ ತೋರಿಸಿದೆ. ಮೈಸೂರಿಗರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆಗಳ ಜಾಡು ಹಿಡಿದು, ಅಷ್ಟರಲ್ಲಿ ನಡುವಯಸ್ಸು ತಲುಪಿದ್ದ ಆ ಮಕ್ಕಳನ್ನೇ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದ ಕೂಸುಗಳಾಗಿ ಹುಟ್ಟಿದವರಲ್ಲಿ, ಅದರಲ್ಲಿಯೂ ಸೊರಗಿದ ತಾಯಂದಿರ ಮಕ್ಕಳಲ್ಲಿ, ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಾಗಿರುವುದು 1996ರಲ್ಲಿ ಪ್ರಕಟವಾಯಿತು. ತಾಯಿಯ ಗರ್ಭದಲ್ಲಿ ಕೊರತೆ ಕಂಡ ಶರೀರ ಕೊರತೆಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಆ ಹೊಂದಾಣಿಕೆಯ ಬೆಲೆಯನ್ನು ಅದು ದಶಕಗಳ ನಂತರ ಹೃದ್ರೋಗದ ರೂಪದಲ್ಲಿ ತೆರುತ್ತದೆ ಎಂಬುದು ಇದರ ಸಾರ. ಬರದ ಮೇಲೆ ಬರ ಕಂಡ ಎರೆಸೀಮೆಯಲ್ಲಿ ಹಿಂದೆ ಯಾರ ತೂಕವನ್ನೂ ಯಾರೂ ಬರೆದಿಡಲಿಲ್ಲ. ಆದರೂ ಹೃದ್ರೋಗ ಉಂಡುಟ್ಟವರ ಮನೆಯದೆಂಬ ಹಳೆಯ ತಿಳಿವಳಿಕೆ ಇಲ್ಲಿ ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ಮೈಸೂರಿನ ಆ ಹಳೆಯ ಹಾಳೆಗಳು ಒಂದು ವಿವರಣೆ ಕೊಡುತ್ತವೆ.

ದೇಶದ ಮಟ್ಟದಲ್ಲಿ 2017–18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ನಡೆಸಿದ ‘ಲಾಸಿ’ ಎಂಬ ದೀರ್ಘಾವಧಿ ವಯೋವೃದ್ಧಿ ಅಧ್ಯಯನದ ವರದಿ 2021ರಲ್ಲಿ ಹೊರಬಂದಾಗ, ಅರವತ್ತು ದಾಟಿದವರಲ್ಲಿ ಶೇಕಡಾ 75ರಷ್ಟು ಜನರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆಯಿರುವುದೂ ಶೇಕಡಾ 40ರಷ್ಟು ಜನರಿಗೆ ಯಾವುದಾದರೊಂದು ಬಗೆಯ ಅಂಗವೈಕಲ್ಯವಿರುವುದೂ ಕಂಡುಬಂತು. ಇಂಥ ಕಾಯಿಲೆಗಳು ಒಂದರ ಮೇಲೊಂದು ಕೂಡಿಕೊಂಡು, ಸ್ನಾಯು ಸವೆದು, ತೂಕ ಇಳಿದು, ಒಂದು ಸಣ್ಣ ಜ್ವರ ಅಥವಾ ಒಂದು ದಿನದ ಭೇದಿಯೂ ಮನುಷ್ಯರನ್ನು ಹಾಸಿಗೆಗೆ ಕೆಡಹುವ ಸ್ಥಿತಿಯನ್ನು ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಕಸುವು ಹೋಗಿದೆ ಎನ್ನುವಾಗ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಕಸುವು ಹೋಗುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಹಲ್ಲು ಬಿದ್ದವರಿಗೆ ಕಟಿರೊಟ್ಟಿ ಕಡಿಯಲಾಗದು, ಅದನ್ನು ಸಾರಿನಲ್ಲಿಯೋ ಮಜ್ಜಿಗೆಯಲ್ಲಿಯೋ ನೆನೆಸಿ ತಿನ್ನುವುದು ರೂಢಿ. ಅದಕ್ಕೂ ಬೇಸರವಾದಾಗ ನ್ಯಾಯಬೆಲೆ ಅಕ್ಕಿಯ ಮೆತ್ತನೆಯ ಅನ್ನವೊಂದೇ ಎರಡು ಹೊತ್ತಿನ ಊಟವಾಗುತ್ತದೆ, ಬೇಳೆಕಾಳು, ಶೇಂಗಾ ಹಿಂಡಿ, ಹಸಿ ಸೊಪ್ಪು ತಟ್ಟೆಯಿಂದ ಒಂದೊಂದಾಗಿ ಕಣ್ಮರೆಯಾಗುತ್ತವೆ. ಸ್ನಾಯು ಉಳಿಯಲು ಬೇಕಾದ ಪ್ರೋಟೀನು ಹೀಗೆ ತಪ್ಪಿದಾಗ ಹೊಟ್ಟೆ ತುಂಬಿದ್ದರೂ ದೇಹ ಸೊರಗುತ್ತದೆ. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ಬೆಳಗಿನದನ್ನೇ ರಾತ್ರಿಗೂ ಇಟ್ಟುಕೊಳ್ಳುವ ಒಂಟಿ ಮುದುಕಿಯರ ಅಪೌಷ್ಟಿಕತೆ ಅಂಗನವಾಡಿಯ ತಕ್ಕಡಿಗೂ ಸಿಗುವುದಿಲ್ಲ, ಶಾಲೆಯ ಬಿಸಿಯೂಟದ ಲೆಕ್ಕಕ್ಕೂ ಬರುವುದಿಲ್ಲ.

ಕೊಪ್ಪಳ ಜಿಲ್ಲೆಯ ಮುಪ್ಪಿಗೆ ಇನ್ನೊಂದು ಭಾರವನ್ನು ನೆಲವೇ ಹೇರಿದೆ. ಜಿಲ್ಲೆಯ ಹಲವು ಕಡೆ, ಮುಖ್ಯವಾಗಿ ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳಲ್ಲಿ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಈ ಅಂಶವನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದು ವರ್ಷಗಟ್ಟಲೆ ಒಳಸೇರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ, ದೊಡ್ಡವರಲ್ಲಿ ಎಲುಬಿನ ರಚನೆ ಬದಲಾಗುತ್ತದೆ, ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟಿ ಕುತ್ತಿಗೆ, ಸೊಂಟ, ಮೊಣಕಾಲುಗಳು ಬಿಗಿದುಕೊಳ್ಳುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಲ್ಲಿ. ಅದರ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವೊಂದು ರೂಪುಗೊಳ್ಳಲು 2008–09ರವರೆಗೆ ಕಾಯಬೇಕಾಯಿತು. ಈ ರೋಗದ ಕ್ರೂರತನವಿರುವುದು ಅದು ಮುಪ್ಪಿನ ವೇಷ ತೊಟ್ಟು ಬರುವುದರಲ್ಲಿ: ನಲವತ್ತೈದರಲ್ಲಿ ಬೆನ್ನು ಬಾಗಿದವರನ್ನೂ ಎಪ್ಪತ್ತರಲ್ಲಿ ಕುತ್ತಿಗೆ ತಿರುಗದವರನ್ನೂ ವಯಸ್ಸಾಯಿತೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದರಿಂದ ನೀರಿನ ಪರೀಕ್ಷೆಯ ವಿಚಾರ ಯಾರಿಗೂ ಹೊಳೆಯುವುದಿಲ್ಲ.

ಸರ್ಕಾರ ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ತೆರೆದದ್ದು ಮುಖ್ಯವಾದುದು. ಘಟಕದಲ್ಲಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಅದರೊಳಗಿನ ನೀರೇ 20 ಕಿಲೋ ತೂಗುತ್ತದೆ. ಸೈಕಲ್ಲು, ಬೈಕು ಓಡಿಸಬಲ್ಲ ಗಂಡಾಳಿರುವ ಮನೆಗೆ ಅದು ಐದು ನಿಮಿಷದ ಕೆಲಸ, ಆದರೆ ಮೊಣಕಾಲು ಮಡಚದ ಆಯಿಗೆ ಅದು ಎತ್ತಲಾಗದ ಬಂಡೆ. ಇಡೀ ಊರಿಗೆ ಒಳ್ಳೆಯ ನೀರು ಬಂದ ಮೇಲೂ ಹಳೆಯ ಕೊಳವೆಬಾವಿಯ ನೀರನ್ನೇ ಕುಡಿಯುತ್ತ ಉಳಿಯುವವರು ಯಾರು ಎಂದು ಹುಡುಕಿದರೆ, ಆ ನೀರಿನಿಂದಲೇ ಕೀಲು ಬಿಗಿದುಕೊಂಡಿರುವವರ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ. ಯೋಜನೆಯೊಂದು ತನ್ನ ಅಗತ್ಯ ಅತಿ ಹೆಚ್ಚಾಗಿರುವವರ ಹೊಸ್ತಿಲಿನ ಹತ್ತು ಮಾರು ಈಚೆಗೆ ನಿಂತುಬಿಡುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಕೀಲುನೋವಿಗೆ ಸಿಗುವ ಸುಲಭದ ಪರಿಹಾರವೂ ಅಪಾಯದಿಂದ ಹೊರತಾಗಿಲ್ಲ. ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ದಿನವೂ ನುಂಗುವುದು, ಕೂಲಿಗೆ ಹೋಗುವ ಮುನ್ನ ಒಂದು ಸೂಜಿ ಮಾಡಿಸಿಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯ. ಈ ಬಗೆಯ ಔಷಧಗಳನ್ನು ಬಹುಕಾಲ ಬಳಸಿದರೆ ಮೂತ್ರಪಿಂಡಗಳಿಗೆ ಹೋಗುವ ರಕ್ತದ ಹರಿವು ತಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ, ರಕ್ತದೊತ್ತಡ ಏರುತ್ತದೆ. ಬೇಸಿಗೆಯಲ್ಲಿ, ಅಂದರೆ ಉಷ್ಣಾಂಶ 40 ಡಿಗ್ರಿ ಮುಟ್ಟುವ ತಿಂಗಳುಗಳಲ್ಲಿ, ಅಪಾಯ ಇನ್ನೂ ಹೆಚ್ಚು, ಏಕೆಂದರೆ ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ದೇಹ ಒಣಗಿದರೂ ಹಿರಿಯರು ನೀರು ಕೇಳುವುದಿಲ್ಲ. ಬೀಳುವ ಭಯ ಬೇರೆ. ಎರೆಸೀಮೆಯ ಹಳೆಯ ಮಾಳಿಗೆಮನೆಗಳು ಬಿಸಿಲಿಗೆ ತಂಪಾದವೇ ಸರಿ, ಆದರೆ ಎತ್ತರದ ಹೊಸ್ತಿಲು, ದನ ಕಟ್ಟುವ ತಗ್ಗಿನಿಂದ ಪಡಸಾಲೆಗೆ ಏರುವ ಮೆಟ್ಟಿಲು, ಕಿಟಕಿಯಿಲ್ಲದ ಒಳಕೋಣೆಯ ಕತ್ತಲೆ, ಅಂಗಳದಾಚೆಯ ಶೌಚಾಲಯ ಇವೆಲ್ಲ ಮಬ್ಬುಗಣ್ಣಿನವರಿಗೆ ಬಲೆಗಳಿದ್ದಂತೆ. ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಅನೇಕರು ಮತ್ತೆ ಎದ್ದು ನಡೆಯುವುದಿಲ್ಲ.

ದೇಹದ ಈ ಸಂಕಟಗಳನ್ನೆಲ್ಲ ಎದುರಿಸಬೇಕಾದ ಹಳ್ಳಿಯ ಆರೋಗ್ಯ ವ್ಯವಸ್ಥೆ ಹುಟ್ಟಿದ್ದು ಬೇರೊಂದು ಉದ್ದೇಶಕ್ಕೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರ ಮೊದಲ ಹೊಣೆ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆತರುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು. ಅವರ ಪ್ರೋತ್ಸಾಹಧನ, ನೋಂದಣಿ ಪುಸ್ತಕ, ಮನೆಭೇಟಿಯ ವೇಳಾಪಟ್ಟಿ ಎಲ್ಲವೂ ತೊಟ್ಟಿಲಿನ ಸುತ್ತ ಹೆಣೆದವು. ಆ ಕೆಲಸದಿಂದ ತಾಯಿ ಮತ್ತು ಶಿಶು ಮರಣ ಇಳಿದದ್ದು ದೊಡ್ಡ ಸಾಧನೆ, ಅದನ್ನು ಯಾರೂ ಕಡಿಮೆಯೆಣಿಸಬಾರದು. ಹಿರಿಯರಿಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದು 2010–11ರಲ್ಲಿ ಆರಂಭವಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರ ವಿಭಾಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ದಿನ ವೃದ್ಧರ ಚಿಕಿತ್ಸೆ, ಹಾಸಿಗೆ ಹಿಡಿದವರ ಮನೆಗೆ ಭೇಟಿ ಎಂಬ ವಿಸ್ತಾರವಾದ ಕನಸನ್ನು ಮುಂದಿಟ್ಟಿತು. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇರುವುದರಿಂದ, ಹಿಂದೆ ಹುಬ್ಬಳ್ಳಿಗೆ ಹೋಗಬೇಕಾಗಿದ್ದ ಎಷ್ಟೋ ಚಿಕಿತ್ಸೆಗಳು ಜಿಲ್ಲೆಯಲ್ಲಿಯೇ ದೊರೆಯತೊಡಗಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಖರ್ಚೂ ಉಳಿದಿದೆ, ಮತ್ತು ಮಗನ ಮುಂದೆ ಕೈಯೊಡ್ಡದೆ ತಾವಾಗಿ ಆಸ್ಪತ್ರೆಗೆ ಹೊರಡಬಲ್ಲ ಮುದುಕಿಯರ ಮಟ್ಟಿಗೆ ಇದು ಸಣ್ಣ ಬಿಡುಗಡೆಯೇ ಹೌದು. ಆದರೆ ಬಸ್ಸಿನ ಮೆಟ್ಟಿಲು ಹತ್ತಿಸುವವರು, ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲುವವರು, ರಕ್ತಪರೀಕ್ಷೆಯ ಕೋಣೆಯಿಂದ ಔಷಧದ ಕಿಟಕಿಗೆ ದಾರಿ ತೋರುವವರು ಜೊತೆಗಿಲ್ಲದಿದ್ದರೆ ಉಚಿತ ಟಿಕೇಟು ಊರ ಬಸ್‌ನಿಲ್ದಾಣದಲ್ಲಿಯೇ ಉಳಿಯುತ್ತದೆ.

ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರೆಲ್ಲರ ಬಗ್ಗೆ ತುಂಬುವ ಸಮುದಾಯ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳನ್ನು ಈಚೆಗೆ ಸೇರಿಸಲಾಗಿದೆ. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ, ಉಣ್ಣಲು, ಉಡಲು, ಸ್ನಾನಕ್ಕೆ, ಶೌಚಕ್ಕೆ ಇನ್ನೊಬ್ಬರ ನೆರವು ಬೇಕಾಗುತ್ತದೆಯೇ, ಹತ್ತಿರದವರ ಹೆಸರು ಅಥವಾ ಮನೆಯ ವಿಳಾಸ ಮರೆತುಹೋಗುತ್ತದೆಯೇ ಎಂಬಂಥ ಸರಳವಾದ ಆ ಪ್ರಶ್ನೆಗಳು ಸರಿಯಾದ ಪ್ರಶ್ನೆಗಳು. ಹೌದು ಎಂಬ ಉತ್ತರ ಬಂದ ಮರುದಿನ ಯಾರು ಬಂದು ಏನು ಮಾಡಬೇಕೆಂಬುದು ಊರಿನ ಮಟ್ಟದಲ್ಲಿ ಗಟ್ಟಿಯಾಗದಿರುವುದೇ ತೊಡಕು, ಅದರ ತಪ್ಪನ್ನು ಈಗಾಗಲೇ ಹತ್ತು ಕೆಲಸ ಹೊತ್ತ ಕಾರ್ಯಕರ್ತೆಯರ ಮೇಲೆ ಹಾಕುವುದು ಅನ್ಯಾಯ.

ಮರೆವಿನ ಪ್ರಶ್ನೆಗೆ ಹಳ್ಳಿಗಳಲ್ಲಿ ವಿಶೇಷ ಗಮನ ಬೇಕು. ಲಾಸಿಯ ಮುಂದುವರಿಕೆಯಾಗಿ ನಡೆದ ಅಧ್ಯಯನವು ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ನೆನಪು, ವಿವೇಚನೆ, ದಿನನಿತ್ಯದ ಕೆಲಸಗಳ ಸಾಮರ್ಥ್ಯ ಕ್ರಮೇಣ ಕುಸಿಯುವ ಮಿದುಳಿನ ಕಾಯಿಲೆ ಇರಬಹುದೆಂದು ಅಂದಾಜಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನು ನಡೆಸುತ್ತಿರುವುದು ಇಂಥ ಕಾಯಿಲೆಗಳ ಗ್ರಾಮೀಣ ಮುಖವನ್ನು ತಿಳಿಯಲೆಂದೇ. ಓದುಬರಹ ಕಲಿಯದವರಿಗೆ ಚಿತ್ರ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎನ್ನುವ ನಗರದ ಪರೀಕ್ಷೆಗಳು ಸಲ್ಲುವುದಿಲ್ಲ. ಬಿತ್ತನೆಯ ನಕ್ಷತ್ರಗಳನ್ನು ಸಾಲಾಗಿ ಹೇಳಬಲ್ಲವರು ಸೊನ್ನೆ ಅಂಕ ಪಡೆಯಬಹುದು, ನಿಜವಾಗಿ ಮರೆವು ಆವರಿಸಿದವರನ್ನು ಅರಳುಮರಳೆಂದು ಮನೆಯವರೇ ತಳ್ಳಿಹಾಕಬಹುದು. ಖಿನ್ನತೆಯ ಪಾಡೂ ಇದೇ. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಎದೆ ಭಾರವೆನಿಸುವುದು ಇವುಗಳನ್ನು ಹೇಳಿಕೊಳ್ಳುವಾಗ ಹಿರಿಯರು ಮನಸ್ಸಿನ ಹೆಸರೆತ್ತದೆ ಮೈಕೈ ನೋವಿನ ಹೆಸರೆತ್ತುತ್ತಾರೆ, ಅದಕ್ಕೂ ಅದೇ ಗುಳಿಗೆ ಸಿಗುತ್ತದೆ. ಗಂಡಸರಿಗೆ ಅಗಸೆಯ ಕಟ್ಟೆ, ಗುಡಿಯ ಪೌಳಿಗಳಾದರೂ ಇವೆ; ವಿಧವೆಯರಾದ ಮುದುಕಿಯರಿಗೆ ಮನೆಯ ಹೊರಗೆ ಕೂಡಲು ಅಂಥ ಜಾಗ ಕಡಿಮೆ.

ಈ ಎಲ್ಲ ಕೊರತೆಗಳು ಒಟ್ಟುಗೂಡಿ ಬೀಳುವುದು ದೇವದಾಸಿ ಪದ್ಧತಿಗೆ ಬಲಿಯಾಗಿ ಈಗ ವಯಸ್ಸಾದ ಹೆಂಗಸರ ಮೇಲೆ. ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ 1993–94 ಮತ್ತು 2007–08ರ ಸಮೀಕ್ಷೆಗಳು 46,660 ಮಾಜಿ ದೇವದಾಸಿಯರನ್ನು ಗುರುತಿಸಿದ್ದವು. ಈ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು, 2025ರಲ್ಲಿ ವಿಧಾನಮಂಡಲ ಪುನರ್ವಸತಿಯನ್ನೂ ಒಳಗೊಂಡ ಹೊಸ ಮಸೂದೆಯನ್ನು ಅಂಗೀಕರಿಸಿತು. ಗಂಡನೆಂಬ ಹೆಸರಿಲ್ಲದೆ, ಬಹುಪಾಲು ಹೊಲವಿಲ್ಲದ ದಲಿತ ಕುಟುಂಬಗಳಲ್ಲಿ ಬಾಳಿದ ಇವರಿಗೆ ಮುಪ್ಪಿನಲ್ಲಿ ಆಸರೆಯೆಂದರೆ ಒಬ್ಬರಿಗೊಬ್ಬರು ಮಾತ್ರ. ಇವರ ಆರೋಗ್ಯದ ಚರ್ಚೆ ಪಿಂಚಣಿಯ ಮೊತ್ತದೊಡನೆ ಮುಗಿದುಹೋಗುತ್ತಿರುವುದು ವಿಷಾದದ ಸಂಗತಿ.

ಮಕ್ಕಳಿದ್ದೂ ಅನ್ನ ಕಾಣದವರಿಗಾಗಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಿದೆ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ವಕೀಲರಿಲ್ಲದೆ ಅರ್ಜಿ ಕೊಡಬಹುದು, ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಹೊಲಮನೆಯ ಹಸ್ತಾಂತರವನ್ನು ಷರತ್ತು ಮುರಿದಾಗ ರದ್ದುಪಡಿಸಲೂಬಹುದು, 14567 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ಮಾಹಿತಿ ಕೇಳಬಹುದು. ಹೆತ್ತ ಮಗನ ಮೇಲೆ ಅರ್ಜಿ ಬರೆಯಲು ಕೈ ಬಾರದ ತಾಯಿಗೆ ಈ ಕಾಯ್ದೆ ಎಷ್ಟು ದೂರ ನೆರವಾಗಬಲ್ಲದೆಂಬುದು ಬೇರೆ ಮಾತು. ಗುಳೆ ಹೋದ ಮಗನಿಗೆ ತಾಯಿಯ ಮೇಲೆ ಪ್ರೀತಿಯಿಲ್ಲವೆಂದೇನೂ ಅಲ್ಲ, ಅವನ ಗುಡಿಸಿಲಿನಲ್ಲಿ ಅವಳಿಗೆ ಜಾಗವಿಲ್ಲ.

ಹಾಗಾದರೆ ಜೊತೆಗೊಬ್ಬರನ್ನು ಊರೇ ಒದಗಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಪಂಚಾಯಿತಿಯ ಅನುಭವದಲ್ಲಿಯೇ ಇದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳು ‘ಕೂಸಿನ ಮನೆ’ಗಳನ್ನು ತೆರೆದು, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಅಲ್ಲಿ ಕೆಲಸಕ್ಕೆ ಇಟ್ಟುಕೊಂಡಿವೆ. ಅಂಥದೇ ಒಂದು ಮನೆ, ಹಗಲು ಹೊತ್ತು ಹಿರಿಯರು ಕೂಡುವ, ಬಿಸಿಯಾದ ನುಚ್ಚು ಅಂಬಲಿ ಉಣ್ಣುವ, ವಾರಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವ ಜಾಗವಾದರೆ, ಅಲ್ಲಿನ ಕಾರ್ಯಕರ್ತೆಯೇ ಬ್ಯಾಂಕಿಗೂ ಆಸ್ಪತ್ರೆಗೂ ಜೊತೆ ಹೋಗಬಹುದು, ನಡೆಯಲಾರದವರ ಮನೆಗೆ ನೀರಿನ ಕ್ಯಾನನ್ನು ಮುಟ್ಟಿಸುವ ಏರ್ಪಾಡೂ ಆಗಬಹುದು. ಇದಕ್ಕೆ ಬೇಕಾದುದು ದೊಡ್ಡ ಕಟ್ಟಡವಲ್ಲ, ಗೊತ್ತಾದ ಸಂಬಳ ಪಡೆಯುವ ಒಬ್ಬಿಬ್ಬರು.

ಇನ್ನು ತಕ್ಷಣ ಮಾಡಬಹುದಾದ ಕೆಲಸಗಳಲ್ಲಿ ಕಣ್ಣಿನದು ಮೊದಲನೆಯದು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಕುರುಡುತನದಲ್ಲಿ ಸುಮಾರು ಮೂರನೆಯ ಎರಡು ಪಾಲಿಗೆ ಕಾರಣ ಕಣ್ಣಿನ ಪೊರೆ. ಅರ್ಧ ಗಂಟೆಯೊಳಗಿನ ಶಸ್ತ್ರಚಿಕಿತ್ಸೆ ಅದನ್ನು ನೀಗಿಸುತ್ತದೆ, ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತವೂ ಹೌದು. ಆದರೂ ಮಬ್ಬುಗಣ್ಣಿನಲ್ಲಿಯೇ ವರ್ಷ ದೂಡುವವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಚಿಕಿತ್ಸೆಯಾದ ಮೇಲೆ ಹೊಗೆಯ ಒಲೆಯ ಮುಂದೆ ಕೂರಬಾರದು, ಭಾರ ಎತ್ತಬಾರದು, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧ ಬಿಡಬೇಕು, ಇಷ್ಟಕ್ಕೆಲ್ಲ ಮನೆಯಲ್ಲಿ ಯಾರಿದ್ದಾರೆ, ಮಕ್ಕಳು ಬರಲಿ. ಮಕ್ಕಳು ಬರುವುದು ಯುಗಾದಿಗೆ, ಊರ ಜಾತ್ರೆಗೆ, ಮುಂಗಾರಿನ ಬಿತ್ತನೆಗೆ. ಕಣ್ಣಿನ ಶಿಬಿರಗಳ ದಿನಾಂಕವನ್ನು ಜಿಲ್ಲಾ ಕೇಂದ್ರದ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡುವ ಬದಲು ಗುಳೆಯವರು ಮರಳಿ ಬರುವ ಆ ವಾರಗಳಿಗೆ ಹೊಂದಿಸಿದರೆ, ಮಗ ಮತ್ತೆ ಬಸ್ಸು ಹತ್ತುವಷ್ಟರಲ್ಲಿ ತಾಯಿಯ ಕಣ್ಣಿನ ಪಟ್ಟಿ ಬಿಚ್ಚಿರುತ್ತದೆ.